ಎರರ್ ನಂಬರ್ 9: ಕಾಟಾ ಚೀಟಿ ಸರ್ವರ್‌ನಲ್ಲಿ ಎರಡು ಸಲ ಮುಚ್ಚಿದ ಫೈಲ್

ಗಂಗಾವತಿ ಕಡೆಯ ಒಂದು ರೈಸ್ ಮಿಲ್. ಭತ್ತದ ಲಾರಿ ಕಾಟಾ ಮೇಲೆ ನಿಂತಾಗ ತೂಕ ಓದಿ, ಡೇಟಾಬೇಸ್‌ಗೆ ಸೇರಿಸಿ, ಪಿಡಿಎಫ್ ಚೀಟಿ ಮಾಡಿಕೊಡುವ ವೆಬ್ ಅಪ್ಲಿಕೇಶನ್ ಅಲ್ಲಿದೆ. ಉಬುಂಟು ಸರ್ವರ್, ಮುಂದೆ ರಿಕ್ವೆಸ್ಟ್ ಸ್ವೀಕರಿಸುವ ಎಂಜಿನ್‌ಎಕ್ಸ್, ಹಿಂದೆ ಪೈಥಾನ್ ಕೋಡ್ ಓಡಿಸುವ ಗುನಿಕಾರ್ನ್, ಕೆಳಗೆ ಡೇಟಾಬೇಸ್ ಆಗಿ ಮೈಎಸ್‌ಕ್ಯುಎಲ್. ನಾಲ್ಕು ವರ್ಕರ್ (ಒಂದೊಂದೂ ಬೇರೆ ಪ್ರೋಸೆಸ್), ಪ್ರತಿ ವರ್ಕರ್‌ಗೆ ಎಂಟು ಥ್ರೆಡ್ (ಒಂದೇ ಪ್ರೋಸೆಸ್‌ನೊಳಗೆ ಒಟ್ಟಿಗೆ ನಡೆಯುವ ಕೆಲಸಗಳು). ಕಾಟಾದ ಹುಡುಗನ ದೂರು ಇಷ್ಟೇ: "ಸರ, ಒಮ್ಮೊಮ್ಮೆ ಚೀಟಿ ಬರಂಗಿಲ್ರಿ, ಮತ್ತೊಮ್ಮೆ ಒತ್ತಿದ್ರ ಬರ್ತೈತಿ." ನವೆಂಬರ್‌ನಲ್ಲಿ ಮುಂಗಾರು ಭತ್ತ ಬರಲು ಶುರುವಾದರೆ ಈ ತೊಂದರೆ ದಿನಾ ಇರುತ್ತಿತ್ತು. ಸೀಸನ್ ಇಳಿದರೆ ತಾನೇ ಮಾಯ. ಲಾಗ್‌ನಲ್ಲಿ ಸಿಗುತ್ತಿದ್ದದ್ದು "ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್".

ಫೈಲ್ ಡಿಸ್ಕ್ರಿಪ್ಟರ್ ಎಂದರೆ ತೆರೆದ ಫೈಲ್‌ಗೆ ಅಥವಾ ಸಾಕೆಟ್‌ಗೆ (ಸಂಪರ್ಕದ ತುದಿಗೆ) ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಕೊಡುವ ನಂಬರ್. ಅದರ ಹೆಸರು ಕೇಳಿದಕೂಡಲೇ ಹೆಚ್ಚಿನವರ ಕೈ, ಎಷ್ಟು ತೆರೆಯಬಹುದೆಂಬ ಮಿತಿ ಇಡುವ ಯುಲಿಮಿಟ್ ಕಡೆ ಹೋಗುತ್ತದೆ. ಅದಕ್ಕೂ ಮೊದಲು ಎರರ್ ನಂಬರ್ ನೋಡಬೇಕು. 24 ಬಂದರೆ ಆ ಪ್ರೋಸೆಸ್ ತನ್ನ ಮಿತಿ ಮುಟ್ಟಿದೆ. 23 ಬಂದರೆ ಇಡೀ ಯಂತ್ರದ ಮಿತಿ ಮುಗಿದಿದೆ. 9 ಬಂದರೆ ಮಿತಿಗೂ ಅದಕ್ಕೂ ಸಂಬಂಧವೇ ಇಲ್ಲ; ತೆರೆದೇ ಇಲ್ಲದ ನಂಬರನ್ನು ಕೋಡ್ ಬಳಸುತ್ತಿದೆ ಎಂದರ್ಥ. 9ಕ್ಕೆ ಮಿತಿ ಏರಿಸುವುದು ಔಷಧವಲ್ಲ.

24ರ ಕಥೆಯನ್ನು ಬೇಗ ಮುಗಿಸುತ್ತೇನೆ. ಪ್ರೊಕ್ ಡೈರೆಕ್ಟರಿಯೊಳಗೆ ಆ ಪ್ರೋಸೆಸ್ ನಂಬರಿನ ಫೋಲ್ಡರ್, ಅದರೊಳಗಿನ ಎಫ್‌ಡಿ ಫೋಲ್ಡರ್‌ನಲ್ಲಿ ಎಷ್ಟು ಎಂಟ್ರಿ ಇವೆ ಎಂದು ನಿಮಿಷಕ್ಕೊಮ್ಮೆ ಎಣಿಸಿ ಬರೆದಿಡಿ. ಏರುತ್ತಲೇ ಹೋದರೆ ಸೋರಿಕೆ ಇದೆ, ಅಂದರೆ ತೆರೆದದ್ದನ್ನು ಕೋಡ್ ಮುಚ್ಚುತ್ತಿಲ್ಲ. ಸಾಕೆಟ್‌ಗಳ ಪಟ್ಟಿ ಕೊಡುವ ಎಸ್ಎಸ್ ಕಮಾಂಡ್‌ನಲ್ಲಿ ಕ್ಲೋಸ್-ವೇಟ್ ಸ್ಥಿತಿಯ ಸಾಕೆಟ್‌ಗಳು ಗುಡ್ಡೆ ಬಿದ್ದಿದ್ದರೆ ಆಚೆಯವರು ಮುಚ್ಚಿದ್ದನ್ನು ನಮ್ಮ ಕೋಡ್ ಮುಚ್ಚಿಲ್ಲ. ಮಿತಿ ನಿಜಕ್ಕೂ ಸಾಲದಿದ್ದರೆ ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲ್‌ನಲ್ಲಿ ಲಿಮಿಟ್‌ನೋಫೈಲ್ ಸಾಲನ್ನೇ ಹಾಕಬೇಕು. ಲಿಮಿಟ್ಸ್ ಕಾನ್ಫ್ ಫೈಲ್ ಲಾಗಿನ್ ಆಗಿ ಬರುವವರಿಗೆ ಮಾತ್ರ. ಸರ್ವಿಸ್‌ಗಳು ಅದನ್ನು ಓದುವುದೇ ಇಲ್ಲ. ಎಂಜಿನ್‌ಎಕ್ಸ್ ಪ್ರಾಕ್ಸಿ ಮಾಡುವಾಗ (ರಿಕ್ವೆಸ್ಟನ್ನು ಹಿಂದಿನ ಸರ್ವರ್‌ಗೆ ದಾಟಿಸುವಾಗ) ಒಂದು ಕನೆಕ್ಷನ್‌ಗೆ ಎರಡು ಡಿಸ್ಕ್ರಿಪ್ಟರ್ ಹಿಡಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಈ ಮಿಲ್‌ನಲ್ಲಿ ಎಣಿಕೆ ಇಡೀ ದಿನ 40ರ ಆಸುಪಾಸು ಅಲುಗಾಡದೆ ನಿಂತಿತ್ತು, ಮಿತಿ 1024. ಹಾಗಾಗಿ ಸೋರಿಕೆ ಮಾತು ಅಲ್ಲಿಗೇ ಮುಗಿಯಿತು.

ಈಗ 9. ಓಪನ್ ಅಥವಾ ಸಾಕೆಟ್ ಕರೆ ಬಂದಾಗ ಕರ್ನಲ್ ಯಾವಾಗಲೂ ಖಾಲಿ ಇರುವ ಅತಿ ಚಿಕ್ಕ ನಂಬರನ್ನೇ ಕೊಡುತ್ತದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್‌ನ ನಿಯಮವೇ ಅದು. ಕಾಟಾ ಮುಂದಿನ ಸಾಲಿನ ಟೋಕನ್ ಇದ್ದಂತೆ: 17ನೇ ಟೋಕನ್ ವಾಪಸ್ ಬಂದ ತಕ್ಷಣ ಮುಂದಿನ ಲಾರಿಗೆ ಅದೇ 17. ಡಿಸ್ಕ್ರಿಪ್ಟರ್ ಟೇಬಲ್ ಇಡೀ ಪ್ರೋಸೆಸ್‌ಗೆ ಒಂದೇ, ಎಂಟೂ ಥ್ರೆಡ್ ಅದನ್ನೇ ಹಂಚಿಕೊಂಡಿರುತ್ತವೆ. ಒಂದು ಥ್ರೆಡ್ 17ನ್ನು ಮುಚ್ಚಿತು, ಇನ್ನೊಂದು ಥ್ರೆಡ್‌ನ ಮೈಎಸ್‌ಕ್ಯುಎಲ್ ಸಾಕೆಟ್‌ಗೆ 17 ಸಿಕ್ಕಿತು ಅನ್ನಿ. ಮೊದಲನೆಯದು ಮತ್ತೊಮ್ಮೆ 17ನ್ನು ಮುಚ್ಚಿದರೆ ಕರ್ನಲ್ ಯಾರದು ಎಂದು ಕೇಳುವುದಿಲ್ಲ. ಮುಚ್ಚುತ್ತದೆ, ಕೆಲಸ ಆಯಿತು ಎಂದು ಸೊನ್ನೆ ಕೊಟ್ಟು ಕಳಿಸುತ್ತದೆ. ಎರರ್ ಬೀಳುವುದು ಪಾಪದ ಎರಡನೇ ಥ್ರೆಡ್ ಮೇಲೆ. ಎರರ್ ಎಲ್ಲಿ ಬಿತ್ತೆಂದು ತೋರಿಸುವ ಟ್ರೇಸ್‌ಬ್ಯಾಕ್ ಹಿಡಿದು ಹೋದವರಿಗೆ ಸಿಗುವುದು ಪೆಟ್ಟು ತಿಂದ ಥ್ರೆಡ್, ಕೊಟ್ಟದ್ದಲ್ಲ.

ಇದನ್ನು ಖಚಿತಪಡಿಸಿದ ಕುರುಹುಗಳು ಮೂರು. ಒಂದು, ಪೈಥಾನ್‌ನಿಂದ ಮೈಎಸ್‌ಕ್ಯುಎಲ್ ಜೊತೆ ಮಾತಾಡುವ ಪೈಮೈಎಸ್‌ಕ್ಯುಎಲ್ ಲೈಬ್ರರಿಯ 2006ನೇ ಎರರ್, ಸರ್ವರ್ ಹೋಗಿಬಿಟ್ಟಿದೆ ಎನ್ನುವ ಸಂದೇಶ. ಇದನ್ನು ನೋಡಿ ವೇಟ್ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ಡೇಟಾಬೇಸ್ ಕಡಿಯುವ ಅವಧಿ) ಏರಿಸುವವರು ಬಹಳ. ಆ ಸಂದೇಶದ ಕೊನೆಗೆ ಆವರಣದೊಳಗೆ ಮೂಲ ಓಎಸ್ ಎರರ್ ಇರುತ್ತದೆ, ಅಲ್ಲಿ 9 ಕಂಡರೆ ಡೇಟಾಬೇಸ್ ತಂಟೆಗೆ ಹೋಗಬೇಡಿ. ಎರಡು, ಅಪರೂಪಕ್ಕೆ ಅದೇ ಜಾಗದಲ್ಲಿ 88, ಅಂದರೆ ಸಾಕೆಟ್ ಅಲ್ಲದ್ದರ ಮೇಲೆ ಸಾಕೆಟ್ ಕೆಲಸ. ಆ ನಂಬರ್ ಅಷ್ಟರಲ್ಲಿ ಯಾವುದೋ ಫೈಲ್‌ನ ಪಾಲಾಗಿದೆ. 88 ಒಮ್ಮೆ ಕಂಡರೂ ಸಾಕು, ನಂಬರ್ ಅದಲುಬದಲಾಗಿದೆ ಎಂದು ಗಟ್ಟಿಯಾಗಿ ಹೇಳಬಹುದು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಸೊನ್ನೆ ಬೈಟ್‌ನ ಚೀಟಿ, ಅದೇ ಕ್ಷಣಕ್ಕೆ ಮೈಎಸ್‌ಕ್ಯುಎಲ್ ಕಡೆ 1156, ಪ್ಯಾಕೆಟ್‌ಗಳ ಕ್ರಮ ತಪ್ಪಿದೆ ಎಂಬ ದೂರು. ಚೀಟಿಯ ಪಿಡಿಎಫ್ ನಾಲ್ಕು ಕೆಬಿಯೂ ಇಲ್ಲ, ಬರೆಯುವ ಮೊದಲು ಕೂಡಿಡುವ ಪೈಥಾನ್‌ನ ಬಫರ್‌ನಲ್ಲಿ ಅಷ್ಟೂ ಹಿಡಿಸುತ್ತದೆ. ಆದ್ದರಿಂದ ಬರೆಯುವ ಕೆಲಸವೆಲ್ಲ ಫೈಲ್ ಮುಚ್ಚುವ ಕ್ಷಣದಲ್ಲೇ ಆಗುತ್ತದೆ. ಅಷ್ಟರಲ್ಲಿ ಆ ನಂಬರ್ ಡೇಟಾಬೇಸ್ ಸಾಕೆಟ್‌ನದಾಗಿದ್ದರೆ ಇಡೀ ಪಿಡಿಎಫ್ ಹೋಗಿ ಮೈಎಸ್‌ಕ್ಯುಎಲ್ ಬಾಯಿಗೆ ಬೀಳುತ್ತದೆ. ಮೈಎಸ್‌ಕ್ಯುಎಲ್ ಪ್ಯಾಕೆಟ್‌ನ ಮೊದಲ ಮೂರು ಬೈಟ್ ಉದ್ದ, ನಾಲ್ಕನೆಯದು ಕ್ರಮಸಂಖ್ಯೆ. ಪಿಡಿಎಫ್ ಶುರುವಾಗುವುದು ಪರ್ಸೆಂಟ್ ಗುರುತು, ಪಿ, ಡಿ, ಎಫ್ ಎಂಬ ನಾಲ್ಕು ಅಕ್ಷರಗಳಿಂದ. ಮೊದಲ ಮೂರನ್ನು ಉದ್ದವೆಂದು ಓದಿದರೆ 44,76,965 ಬೈಟ್. ನಾಲ್ಕನೆಯ ಎಫ್ ಅಂದರೆ 70. ಸೊನ್ನೆ ಬರಬೇಕಾದಲ್ಲಿ 70 ಕಂಡ ಸರ್ವರ್ ಸಂಪರ್ಕ ಕಡಿದುಬಿಡುತ್ತದೆ. ಕ್ರಮಸಂಖ್ಯೆಯ ಈ ತಪಾಸಣೆ ಇದ್ದದ್ದಕ್ಕೆ ಬಚಾವು. ಆ ನಂಬರ್ ಸಾದಾ ಫೈಲ್‌ಗೆ ಸಿಕ್ಕಿದ್ದರೆ ಒಬ್ಬ ರೈತನ ಚೀಟಿಯೊಳಗೆ ಇನ್ನೊಬ್ಬನ ತೂಕ ಹೋಗಿ ಕೂರುತ್ತಿತ್ತು, ಯಾವ ಎರರ್ ಸಹ ಬರುತ್ತಿರಲಿಲ್ಲ.

ಎರರ್‌ಗಳು ಒಂಟಿಯಾಗಿ ಬಾರದೆ ಗೊಂಚಲಾಗಿ ಬರುವುದಕ್ಕೂ ಕಾರಣವಿದೆ. ಪೆಟ್ಟು ತಿಂದ ಡೇಟಾಬೇಸ್ ಕನೆಕ್ಷನ್ ಎರರ್ ಕಂಡೊಡನೆ ತನ್ನ ಸಾಕೆಟ್ ಮುಚ್ಚಲು ಹೋಗುತ್ತದೆ. ಅದರ ಬಳಿ ಇನ್ನೂ 17 ಎಂದೇ ಬರೆದಿದೆ. ಆ 17 ಈಗ ಮೂರನೆಯವರದು. ಅದೂ ಹೋಯಿತು. ಮೂಲ ತಪ್ಪು ಒಂದೇ ಆದರೂ ಲಾಗ್‌ನಲ್ಲಿ ಐದಾರು ಬೇರೆಬೇರೆ ರಿಕ್ವೆಸ್ಟ್‌ಗಳು ಸಾಲಾಗಿ ಬೀಳುತ್ತವೆ. ಗೊಂಚಲಿನ ಮೊದಲ ಎರರ್‌ಗೆ ಮಾತ್ರ ಬೆಲೆ ಕೊಡಿ.

ಹುಡುಕುವ ಹೊತ್ತು ಯಾವುದು ಎಂಬುದರಲ್ಲಿ ಈ ಕೆಲಸದ ಅರ್ಧ ಗುಟ್ಟು ಇದೆ. ಗದ್ದಲದ ಹೊತ್ತಿನಲ್ಲಿ ಎರಡನೇ ಮುಚ್ಚುವಿಕೆ ಯಶಸ್ವಿಯಾಗುತ್ತದೆ, ಯಾಕೆಂದರೆ ಆ ನಂಬರ್ ಇನ್ನೊಬ್ಬರ ಕೈಯಲ್ಲಿ ಜೀವಂತವಾಗಿದೆ. ಲಾರಿ ಇಲ್ಲದ ಹೊತ್ತಿನಲ್ಲಿ ಅದೇ ಕರೆ ಸೋಲುತ್ತದೆ, ಕಳ್ಳ ನೇರವಾಗಿ ಕಾಣುತ್ತಾನೆ. ಹಾಗಾಗಿ ರಾತ್ರಿ ಮಿಲ್ ಸುಮ್ಮನಿದ್ದಾಗ ಒಂದೇ ವರ್ಕರ್‌ಗೆ ಪ್ರೋಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಅಂಟಿಸಿ, ಎಲ್ಲ ಥ್ರೆಡ್‌ಗಳನ್ನೂ ಹಿಂಬಾಲಿಸುವ ಚಿಕ್ಕ ಎಫ್ ಆಪ್ಷನ್ ಕೊಟ್ಟು, ಕ್ಲೋಸ್ ಕರೆ ಮಾತ್ರ, ಅದರಲ್ಲೂ ಸೋತವು ಮಾತ್ರ ತೋರಿಸು ಎಂದು ಹೇಳಬೇಕು. ಸೋತವನ್ನಷ್ಟೇ ಸೋಸುವ ದೊಡ್ಡ ಝಡ್ ಆಪ್ಷನ್ 5.2ರಿಂದೀಚಿನ ಎಸ್‌ಟ್ರೇಸ್‌ನಲ್ಲಿದೆ, ಉಬುಂಟು 20.04ರಲ್ಲಿ ಬರುವುದು ಅದಕ್ಕಿಂತ ಹೊಸದು. ಒಂದು ಪರೀಕ್ಷಾ ಚೀಟಿ ತೆಗೆದರೆ ಸೋತ ಕ್ಲೋಸ್ ಒಂದು, ಮತ್ತೊಂದು ಚೀಟಿಗೆ ಮತ್ತೊಂದು. ಪ್ರತಿ ಚೀಟಿಗೂ ತಪ್ಪದೆ. ಗ್ರಾಹಕರಿಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದ ದೋಷ ಒಳಗೆ ಸದಾ ನಡೆಯುತ್ತಲೇ ಇತ್ತು.

ನಂತರ ಸೋಸುವುದನ್ನು ಬಿಟ್ಟು ಓಪನ್, ರೈಟ್, ಕ್ಲೋಸ್, ಸಾಕೆಟ್ ಎಲ್ಲವನ್ನೂ ಹಿಡಿದರೆ ಆ ಥ್ರೆಡ್‌ನ ಸಾಲು ಓದಲು ಸಿಗುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ಫೈಲ್ ತೆರೆಯಿತು, 17 ಬಂತು, ಬರೆಯಿತು, ಮುಚ್ಚಿತು, ಆಫೀಸಿನ ಹಂಚಿದ ಫೋಲ್ಡರ್‌ಗೆ ನಕಲು ಮಾಡಿತು, ಮತ್ತೆ 17 ಮುಚ್ಚಲು ಹೋಗಿ ಎರರ್ 9. ಕೋಡ್‌ನ ಯಾವ ಫಂಕ್ಷನ್ ಎಂದು ಇನ್ನು ಹುಡುಕಬೇಕಿಲ್ಲ.

ಅಲ್ಲಿದ್ದದ್ದು ಹೀಗೆ. ಟೆಂಪ್‌ಫೈಲ್ ಮಾಡ್ಯೂಲ್‌ನ ಎಂಕೆಸ್ಟೆಂಪ್ ಒಂದು ಬರಿ ನಂಬರ್ ಮತ್ತು ಫೈಲಿನ ಹೆಸರು ಕೊಡುತ್ತದೆ. ಆ ನಂಬರನ್ನು ಫೈಲ್ ಆಬ್ಜೆಕ್ಟ್ ಮಾಡಿಕೊಡುವ ಎಫ್‌ಡಿಓಪನ್‌ಗೆ ಕೊಟ್ಟು ವಿತ್ ಬ್ಲಾಕ್‌ನಲ್ಲಿ ಬರೆದಿದ್ದಾರೆ. ಬ್ಲಾಕ್ ಮುಗಿದಾಗ ಫೈಲ್ ಆಬ್ಜೆಕ್ಟ್ ತಾನೇ ನಂಬರ್ ಮುಚ್ಚುತ್ತದೆ. ಕೆಳಗೆ, ಏನೇ ಆದರೂ ಕೊನೆಗೆ ಓಡುವ ಫೈನಲಿ ಭಾಗದಲ್ಲಿ ಓಎಸ್ ಕ್ಲೋಸ್ ಮತ್ತೊಂದು, ಅದರ ಸುತ್ತ ಓಎಸ್ ಎರರ್ ಬಂದರೆ ಪಾಸ್ ಎನ್ನುವ ಟ್ರೈ. ಒಂಟಿ ಥ್ರೆಡ್‌ನಲ್ಲಿ ಇದರಿಂದ ನಷ್ಟವಿಲ್ಲ. ಎರಡು ಮುಚ್ಚುವಿಕೆಗಳ ನಡುವೆ ನೆಟ್‌ವರ್ಕ್ ಮೇಲಿನ ನಕಲು ಇದ್ದದ್ದು ಬಾಗಿಲನ್ನು ಅಗಲ ಮಾಡಿತ್ತು: ಸುಮ್ಮನಿದ್ದಾಗ ಕೆಲವೇ ಮಿಲಿಸೆಕೆಂಡ್, ಬಿಲ್ಲಿಂಗ್ ಕಂಪ್ಯೂಟರ್‌ಗಳೆಲ್ಲ ಆ ಫೋಲ್ಡರ್ ಮೇಲೆ ಬಿದ್ದಾಗ ಅದರ ಎಷ್ಟೋ ಪಟ್ಟು. ಸೀಸನ್‌ಗೂ ದೋಷಕ್ಕೂ ಇದ್ದ ನಂಟು ಇದೇ.

ತಿದ್ದಿದ್ದು ಚಿಕ್ಕದು. ಫೈನಲಿಯಲ್ಲಿನ ಕ್ಲೋಸ್ ತೆಗೆದೆ. ಎಫ್‌ಡಿಓಪನ್ ಕರೆಯೇ ಸೋತರೆ ಮಾತ್ರ ನಂಬರ್ ಮುಚ್ಚುವಂತೆ ಬರೆದೆ, ಏಕೆಂದರೆ ಆಗ ಅದಕ್ಕೆ ಬೇರೆ ಒಡೆಯನಿಲ್ಲ. ಎರರ್ ನುಂಗುವ ಪಾಸ್ ತೆಗೆದೆ. ಕ್ಲೋಸ್‌ನಲ್ಲಿ 9 ಬಂದರೆ ನುಂಗುವುದಲ್ಲ, ಕೂಗಿ ಹೇಳಬೇಕು. ಆಮೇಲೆ ಇಡೀ ಕೋಡ್‌ನಲ್ಲಿ ಓಎಸ್ ಕ್ಲೋಸ್, ಎಫ್‌ಡಿಓಪನ್, ಫೈಲ್‌ನೋ ಎಂಬ ಮೂರು ಪದ ಹುಡುಕಿ ಪ್ರತಿ ಜಾಗದಲ್ಲೂ ಈ ನಂಬರ್ ಯಾರದು ಎಂದು ನೋಡಿದೆ. ಕಾಟಾ ಇಂಡಿಕೇಟರ್‌ನ ಸೀರಿಯಲ್ ಪೋರ್ಟ್ ಓದುವಲ್ಲಿ ಫೈಲ್‌ನೋದಿಂದ ತೆಗೆದ ನಂಬರನ್ನು ಇನ್ನೊಂದು ಆಬ್ಜೆಕ್ಟ್‌ಗೆ ಕೊಟ್ಟಿದ್ದರು. ಅಲ್ಲಿ ಕ್ಲೋಸ್‌ಎಫ್‌ಡಿ ಫಾಲ್ಸ್ ಎಂದು ಹಾಕಿದರೆ ಸಾಕು, ಆ ಆಬ್ಜೆಕ್ಟ್ ನಂಬರ್ ಮುಚ್ಚುವುದಿಲ್ಲ. ಎರಡೂ ಕಡೆ ಸ್ವತಂತ್ರವಾಗಿ ಬದುಕಬೇಕಿದ್ದರೆ ಡಪ್ ಕರೆಯಿಂದ ಪ್ರತಿ ಮಾಡಿ ಬೇರೆ ನಂಬರ್ ಕೊಡಬೇಕು.

ಇದೇ ಲಕ್ಷಣ ತೋರಿಸುವ ಇನ್ನೊಂದು ರೋಗವಿದೆ: ಗುನಿಕಾರ್ನ್‌ಗೆ ಪ್ರಿಲೋಡ್ (ವರ್ಕರ್ ಹುಟ್ಟುವ ಮೊದಲೇ ಕೋಡ್ ತುಂಬಿಕೊಳ್ಳುವ ಆಪ್ಷನ್) ಕೊಟ್ಟು, ವರ್ಕರ್‌ಗಳನ್ನು ಹುಟ್ಟಿಸುವ ಮಾಸ್ಟರ್‌ ಪ್ರೋಸೆಸ್‌ನಲ್ಲೇ ಡೇಟಾಬೇಸ್ ಕನೆಕ್ಷನ್ ತೆರೆದರೆ ಫೋರ್ಕ್ ಆದ (ಮಾಸ್ಟರ್‌ನ ನಕಲಾಗಿ ಹುಟ್ಟಿದ) ಎಲ್ಲ ವರ್ಕರ್‌ಗಳೂ ಒಂದೇ ಸಾಕೆಟ್ ಹಿಡಿದಿರುತ್ತವೆ. ಅಲ್ಲೂ ಪ್ಯಾಕೆಟ್ ಕ್ರಮ ತಪ್ಪುತ್ತದೆ. ಗುರುತಿಸುವುದು ಸುಲಭ: ಎಲ್ಲ ವರ್ಕರ್‌ಗಳ ಎಫ್‌ಡಿ ಫೋಲ್ಡರ್ ಪಟ್ಟಿ ಮಾಡಿ, ಸಾಕೆಟ್ ಮುಂದಿನ ಐನೋಡ್ ನಂಬರ್ (ಆ ಸಾಕೆಟ್‌ನ ಗುರುತು) ಹೋಲಿಸಿ. ಹೊಸ ಸಂಪರ್ಕಕ್ಕೆ ಕಾಯುವ (ಲಿಸನಿಂಗ್) ಸಾಕೆಟ್ ಎಲ್ಲರಲ್ಲೂ ಒಂದೇ ಇರುವುದು ಸರಿ. ಮೈಎಸ್‌ಕ್ಯುಎಲ್ ಸಾಕೆಟ್ ಒಂದೇ ಇದ್ದರೆ ಕನೆಕ್ಷನ್ ತೆರೆಯುವುದನ್ನು ಫೋರ್ಕ್ ಆದ ನಂತರಕ್ಕೆ ಸರಿಸಿ.

ಸರಿಯಾಯಿತೇ ಎಂದು ಪರೀಕ್ಷಿಸಲು ಸೀಸನ್‌ಗೆ ಕಾಯಬೇಕಿಲ್ಲ. ಪರೀಕ್ಷಾ ಯಂತ್ರದಲ್ಲಿ ಹಳೆ ಕೋಡ್‌ನ ಎರಡು ಕ್ಲೋಸ್‌ಗಳ ನಡುವೆ 50 ಮಿಲಿಸೆಕೆಂಡ್ ನಿದ್ದೆ ಸೇರಿಸಿ, ಎಂಟು ಕಡೆಯಿಂದ ಒಟ್ಟಿಗೆ ಚೀಟಿ ಕೇಳಿದರೆ ಎರರ್ ಬೇಗನೆ ಉದುರತೊಡಗುತ್ತದೆ. ಹೊಸ ಕೋಡ್‌ನಲ್ಲಿ ಅದೇ ಜಾಗದಲ್ಲಿ ಅದೇ ನಿದ್ದೆ ಇಟ್ಟರೂ ಏನೂ ಬೀಳಬಾರದು. ಪರೀಕ್ಷೆ ವೇಳೆ ಪೈಥಾನ್ ಡೆವ್ ಮೋಡ್ ಹಚ್ಚಿಡಿ. ಫೈಲ್ ಆಬ್ಜೆಕ್ಟ್ ಸಾಯುವಾಗ ಕ್ಲೋಸ್ ಸೋತರೆ 3.13ಕ್ಕಿಂತ ಹಿಂದಿನ ಪೈಥಾನ್ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ, ಆ ಮೋಡ್‌ನಲ್ಲಿ ಹೇಳುತ್ತದೆ. ಓಡುತ್ತಿರುವ ಸರ್ವರ್ ಮೇಲೆ ಎಸ್‌ಟ್ರೇಸ್ ಭಾರ, ಬಹಳ ಹೊತ್ತು ಬಿಡಬೇಡಿ. ಅದರ ಬದಲು ಕರ್ನಲ್‌ನೊಳಗೇ ಹಗುರವಾಗಿ ಎಣಿಸುವ ಬಿಪಿಎಫ್‌ಟ್ರೇಸ್‌ನಲ್ಲಿ ಕ್ಲೋಸ್ ಕರೆ ಮುಗಿಯುವ ಟ್ರೇಸ್‌ಪಾಯಿಂಟ್ ಹಿಡಿದು, ಮೈನಸ್ 9 ಬಂದದ್ದನ್ನು ಪ್ರೋಸೆಸ್ ಹೆಸರಿನ ಮೇಲೆ ಎಣಿಸುವ ಒಂದು ಸಾಲು ಸಾಕು. ಮಿಲ್ ಸರ್ವರ್‌ನಲ್ಲಿ ಅದನ್ನು ಹಾಗೇ ಓಡಲು ಬಿಟ್ಟಿದ್ದೇನೆ. ಗುನಿಕಾರ್ನ್ ಹೆಸರಿನ ಮುಂದೆ ಒಂದು ಅಂಕಿ ಮೂಡಿದರೂ ಆ ವಾರ ಕೋಡ್‌ಗೆ ಸೇರಿದ್ದೇನು ಎಂದು ತೆಗೆದು ನೋಡುತ್ತೇನೆ.