ಒಬ್ರೇ ಇದ್ದಾಗ ಹೋಗಿ ಮಾತಾಡೋದು: ವಾರ್ಡ್ ಜಗಳ ಬಿಡಿಸಿದ ನನ್ನ ಅನುಭವ

ದಾವಣಗೆರೇಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ನಾನು ಮೆಡಿಕಲ್ ವಾರ್ಡ್ ಇನ್‌ಚಾರ್ಜ್ ಸಿಸ್ಟರ್, 16-17 ವರ್ಷ ಆಯ್ತು. ಯಾವ ಆಸ್ಪತ್ರೆ ಅಂತ ಕೇಳ್ಬೇಡಿ, ಸಂಬಳ ಇನ್ನೂ ಅಲ್ಲಿಂದಾನೇ ಬರ್ತಿರೋದು. ಎರಡು ವರ್ಷದಿಂದ ನಮ್ ವಾರ್ಡಿನ ಜಗಳ ಮೇಟ್ರನ್ (ಎಲ್ಲಾ ನರ್ಸ್‌ಗಳಿಗೂ ಮೇಲಿನೋರು) ಟೇಬಲ್ ತನಕ ಹೋಗಿರೋದು ಮೂರೋ ನಾಲ್ಕೋ ಸಲ, ಮೊದಲು ತಿಂಗಳಿಗೇ ಅಷ್ಟು ಹೋಗ್ತಿತ್ತು. ಬೈಬಲ್ ಮಾತು ಹಿಡ್ಕೊಂಡು ಜಗಳ ಬಿಡಿಸೋಕೆ ಹೊರಟಾಗ "ನಿಮ್ ಬೈಬಲ್ಲು ಚರ್ಚಲ್ಲಿ ನಡೀತದಮ್ಮ, ವಾರ್ಡಲ್ಲಿ ನಡೆಯಲ್ಲ" ಅಂದಿದ್ದ ಮೇಟ್ರನ್ ಮೇಡಮ್ಮೇ ಮೊನ್ನೆ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜನ್ನ ನನ್ ಹತ್ರ ಕಳಿಸಿದ್ರು, ಅದಕ್ಕೇ ಬರೀತಿದೀನಿ.

ಮೊದ್ಲು ಕೆಟ್ಟಿದ್ದು ಹೇಳ್ತೀನಿ. ಶುರುವಲ್ಲಿ ಮತ್ತಾಯ 5:9, ಅದೇ ಶಾಂತಿ ಮಾಡಿಸೋರು ದೇವರ ಮಕ್ಕಳು ಅನ್ನೋ ವಾಕ್ಯ, ಬರೆದು ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿದ್ದೆ. ಮೂರೇ ದಿನ, ಯಾರೋ ಆಫೀಸಿಗೆ ಹೋಗಿ ಸಿಸ್ಟರ್ ಮತ ಪ್ರಚಾರ ಮಾಡ್ತಿದಾರೆ ಅಂದ್ರು, ಕಿತ್ತು ಹಾಕಿಸಿದ್ರು. ಸಿಟ್ಟು ಬಂತು, ಆದ್ರೆ ಈಗ ಅನ್ಸುತ್ತೆ, ಜಗಳದ ಮಧ್ಯೆ ಗೋಡೆ ಮೇಲಿನ ವಾಕ್ಯ ಯಾರು ಓದ್ತಾರೆ. ಅವತ್ತಿಂದ ವಾರ್ಡಲ್ಲಿ ವಾಕ್ಯ ಬಾಯಿಬಿಟ್ಟು ಹೇಳಿಲ್ಲ. ಫಾದರ್‌ನ ಕೇಳಿದ್ರೆ ಪ್ರಾರ್ಥನೆ ಮಾಡಮ್ಮ ಅಂದ್ರು, ಮಾಡಿದೆ, ರೋಸ್ಟರ್ ಸರಿಹೋಗ್ಲಿಲ್ಲ.

ಎರಡನೇದು ದುಡ್ಡಿನ ಕಥೆ. ಒಂದು ಪಲ್ಸ್ ಆಕ್ಸಿಮೀಟರ್ ಕಳೀತು, 1,500 ಚಿಲ್ಲರೆ ಇರ್ಬೇಕು, ಎಲ್ರ ಸಂಬಳದಲ್ಲೂ ಹಿಡೀತೀವಿ ಅಂದ್ರು. ಆಯಾ ಒಬ್ರು ವಾರ್ಡ್ ಬಾಯ್ ಮೇಲೆ ಹಾಕಿದ್ರು, ಅವ್ನು ನೈಟ್ ಬ್ರದರ್ ಮೇಲೆ ಹಾಕ್ದ, ಸಾಕಪ್ಪಾ ಅಂತ ನಾನೇ ಕಟ್ಟಿಬಿಟ್ಟೆ. ಅಲ್ಲಿಗೆ ಶಾಂತಿ. ಆಮೇಲೆ ಥರ್ಮಾಮೀಟರ್ ಹೋಯ್ತು, ಬಿಪಿ ಕಫ್ ಹೋಯ್ತು, ಎಲ್ರೂ ನನ್ ಮುಖಾನೇ ನೋಡೋಕ್ ಶುರು ಮಾಡಿದ್ರು. ಒಂದು ವರ್ಷದಲ್ಲಿ ಸುಮಾರು 6 ಸಾವಿರ ಹೋಗಿರ್ಬೇಕು. ನಮ್ಮನೆಯವ್ರು "ನೀನು ಸಮಾಧಾನ ಮಾಡಿಸ್ತಿಲ್ಲ ಮಾರಾಯ್ತಿ, ಇಎಂಐ ಕಟ್ತಿದೀಯ" ಅಂದ್ರು. ಇನ್ನೊಂದ್ಸಲ ರಾಜಿ ಮಾಡ್ಸೋಣ ಅಂತ 12 ಜನಾನ ಬೆಣ್ಣೆ ದೋಸೆ ತಿನ್ನೋಕೆ ಕರ್ಕೊಂಡ್ ಹೋದೆ, 900 ರೂಪಾಯಿ ಹತ್ರ ಆಯ್ತು, ಜಗಳ ಆಡಿದ್ ಇಬ್ರೂ ಆ ತುದಿ ಈ ತುದಿ ಕೂತು ಎರಡೆರಡು ಪ್ಲೇಟ್ ತಿಂದು ಬೇರೆ ಬೇರೆ ಆಟೋ ಹತ್ತಿದ್ರು.

ಕಣ್ಣು ತೆರೆಸಿದ್ದು ಒಂದು ಶುಗರ್ ಕೇಸು. ಡ್ಯೂಟಿ ಡಾಕ್ಟರೊಬ್ರು ನಮ್ ವಾರ್ಡಿನ ನರ್ಸ್ ಹುಡುಗಿಗೆ ಪೇಶೆಂಟ್ ಮುಂದೇನೇ ಬೈದಿದ್ರು, ಅವ್ಳು ಅವತ್ತಿಂದ ರಾತ್ರಿ ಅವ್ರಿಗೆ ಫೋನ್ ಮಾಡೋದೇ ಬಿಟ್ಟಿದ್ಳು. ನನಗೆ ಗೊತ್ತೇ ಇಲ್ಲ, ವಾರ್ಡ್ ತಣ್ಣಗಿದೆ ಅಂದ್ಕೊಂಡಿದ್ದೆ. ಒಂದಿನ ಬೆಳಿಗ್ಗೆ ಹ್ಯಾಂಡೋವರಲ್ಲಿ, ಅಂದ್ರೆ ಒಂದು ಶಿಫ್ಟಿನೋರು ಇನ್ನೊಂದಕ್ಕೆ ಕೆಲ್ಸ ಒಪ್ಪಿಸೋವಾಗ, ಕೇಸ್ ಶೀಟ್ ತಿರುವ್ತೀನಿ, ರಾತ್ರಿ 3 ಗಂಟೆಗೆ ಜಿಆರ್‌ಬಿಎಸ್ (ರಕ್ತದ ಶುಗರ್) 54ಕ್ಕೆ ಇಳಿದಿದೆ, ಡಿ25 (ಗ್ಲೂಕೋಸ್) ಕೊಟ್ಟಿದಾಳೆ, ಡಾಕ್ಟರ್ ಇನ್‌ಫಾರ್ಮ್ಡ್, ಅಂದ್ರೆ ಡಾಕ್ಟರ್‌ಗೆ ತಿಳಿಸಿದೆ ಅನ್ನೋ ಜಾಗ ಖಾಲಿ. ಪೇಶೆಂಟ್ ಉಳ್ಕೊಂಡ್ರು. ಯೆರೆಮೀಯ 6:14ರಲ್ಲಿ ಬರುತ್ತಲ್ಲ, ಸಮಾಧಾನ ಇಲ್ದೇ ಇರುವಾಗ ಸಮಾಧಾನ ಸಮಾಧಾನ ಅಂತಾರೆ ಅಂತ, ಅದು ನನ್ನ ಬಗ್ಗೇನೇ ಬರೆದಂಗಿತ್ತು.

ಮತ್ತಾಯ 18:15-17 ಹಿಡ್ಕೊಂಡಿದ್ದು ಅವಾಗ. ತಪ್ಪು ಮಾಡ್ದೋನ ಹತ್ರ ಮೊದ್ಲು ಒಬ್ನೇ ಇದ್ದಾಗ ಹೋಗು, ಕೇಳ್ದಿದ್ರೆ ಒಬ್ರನ್ನೋ ಇಬ್ರನ್ನೋ ಕರ್ಕೊಂಡ್ ಹೋಗು, ಅದಕ್ಕೂ ಬಗ್ಗದಿದ್ರೆ ಸಭೆಗೆ ಹೇಳು. ನಾನು ಅಲ್ಲೀವರೆಗೂ ಮೂರನೇದನ್ನೇ ಮೊದ್ಲು ಮಾಡ್ತಿದ್ದೆ, ಸ್ಟಾಫ್ ಮೀಟಿಂಗ್ ಕರೆದು. ಡಾಕ್ಟರ್ ಹತ್ರ ಒಬ್ಳೇ ಹೋದೆ, ನೆಬ್ಯುಲೈಸರ್ ರೂಮಲ್ಲಿ, ಕೇಸ್ ಶೀಟ್ ಕೈಲಿತ್ತು. ಬೈದಿದ್ದು ತಪ್ಪು ಅಂತ ಹೇಳ್ಲೇ ಇಲ್ಲ, ಆ ಖಾಲಿ ಜಾಗ ತೋರ್ಸಿದೆ ಅಷ್ಟೇ. ಮೊದಲ್ನೇ ಮಾತು ಏನಂದೆ ಅಂತ ಎಲ್ರೂ ಕೇಳ್ತಾರೆ, ಅದನ್ನ ಹೇಳಲ್ಲ, ಹೇಳಿದ್ರೆ ಎಲ್ರೂ ಅದನ್ನೇ ಉರು ಹೊಡೆದು ಹೇಳ್ತಾರೆ, ಆಮೇಲೆ ನನ್ ಬಾಯಲ್ಲೂ ಕೆಲ್ಸ ಮಾಡಲ್ಲ. ಅವ್ರು ಐದು ನಿಮಿಷ ಸುಮ್ನಿದ್ದು ಆ ರಾತ್ರೀನೇ ಹುಡುಗಿ ಹತ್ರ ಹೋಗಿ "ಸಿಸ್ಟರ್, ಎಷ್ಟೊತ್ತಾದ್ರೂ ಫೋನ್ ಮಾಡಿ" ಅಂದ್ರಂತೆ.

ಸೂರ್ಯ ಮುಳುಗೋದ್ರೊಳಗೆ ಸಿಟ್ಟು ಬಿಡಿ ಅಂತ ಪೌಲರು ಎಫೆಸದವ್ರಿಗೆ ಬರೆದಿದಾರೆ, ಅವ್ರಿಗೆ ನೈಟ್ ಶಿಫ್ಟ್ ಇರ್ಲಿಲ್ಲ. ನಮ್ದು ಶುರು ಆಗೋದೇ ರಾತ್ರಿ 8ಕ್ಕೆ, ಅದಕ್ಕೆ ಬೆಳಿಗ್ಗೆ ಹ್ಯಾಂಡೋವರ್ ಒಳಗೆ ಅಂತ ತಿದ್ಕೊಂಡೆ. ಇಬ್ರು ಸಿಸ್ಟರ್ಸ್ ಮುಖ ತಿರುಗ್ಸಿದ್ರೆ ಲಿನನ್ ರೂಮಿಗೆ ಕರ್ದು ಬೆಡ್‌ಶೀಟ್ ಮಡಚೋಕೆ ಕೊಡ್ತೀನಿ. ಒಬ್ಬೊಬ್ರು ಒಂದೊಂದು ತುದಿ ಹಿಡೀಬೇಕು, ಮಡಚ್ತಾ ಮಡಚ್ತಾ ಹತ್ರ ಬರ್ಲೇಬೇಕು, ಕೊನೆಗೆ ಒಬ್ರ ಕೈಯಿಂದ ಇನ್ನೊಬ್ರು ತುದಿ ಈಸ್ಕೋಬೇಕು. ಏಳೆಂಟನೇ ಶೀಟಿಗೆ ಯಾರಾದ್ರೂ ಒಬ್ರು "ನೀನ್ ಅವತ್ತು ಹಂಗಂದಿದ್ದು..." ಅಂತ ಶುರು ಮಾಡ್ತಾರೆ, ನಾನು ದಿಂಬಿನ ಕವರ್ ಎಣಿಸ್ತಾ ಹೊರಗೆ ನಿಂತಿರ್ತೀನಿ.

ನೈಟ್ ಡ್ಯೂಟಿಗೆ ಚೀಟಿ ಎತ್ತೋದೂ ಮಾಡಿ ನೋಡ್ದೆ, ಬೈಬಲಲ್ಲಿ ಅಪೊಸ್ತಲರೂ (ಯೇಸುವಿನ ಶಿಷ್ಯರು) ಯೂದನ ಜಾಗಕ್ಕೆ ಮತ್ತೀಯನನ್ನ ಚೀಟಿ ಹಾಕೇ ಆರಿಸಿದ್ದಲ್ವಾ. ಮಂಡಕ್ಕಿ ಡಬ್ಬೀಲಿ ಚೀಟಿ ಹಾಕಿ ಎರಡು ತಿಂಗಳು ಚೆನ್ನಾಗೇ ನಡೀತು, ಮೂರನೇ ತಿಂಗಳು ನೋಡಿದ್ರೆ ಒಂದೊಂದು ನೈಟನ್ನ 300 ರೂಪಾಯಿಗೆ ಮಾರ್ಕೋತಿದಾರೆ. ಬಿಟ್ಟೆ. ಬದಲಿಗೆ ದುಗ್ಗಮ್ಮನ ಜಾತ್ರೆ, ಯುಗಾದಿ, ರಂಜಾನ್‌ಗೆ ನಾನೇ ಡ್ಯೂಟಿ ತಗೊಂಡೆ. ಆಮೇಲೆ ಬಂದ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ರಜೆ ಕೇಳೋ ಮೊದ್ಲೇ "ನೀವ್ ಹೋಗ್ಬನ್ನಿ ಸಿಸ್ಟರ್" ಅಂದ್ರು.

ಎಲ್ಲಾದಕ್ಕೂ ನನ್ ಸಂಧಾನ ಇಲ್ಲ. ಹೆಣ್ಮಕ್ಕಳ ಮೈ ಮುಟ್ಟಿದ ಕೇಸು ಬಂದ್ರೆ ಸೀದಾ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಆಸ್ಪತ್ರೆಯ ಇಂಟರ್ನಲ್ ಕಮಿಟಿಗೆ, ಒಬ್ಳೇ ಹೋಗಿ ಮಾತಾಡಮ್ಮ ಅಂತ ಆ ಹುಡುಗಿಗೆ ಹೇಳೋದು ಪಾಪ. ಪೇಶೆಂಟ್ ಕಡೆಯೋರು ಕೈ ಮಾಡಿದ್ರೆ ಪೊಲೀಸು, ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ ತಡೆಯೋಕೆ 2009ರ ಕಾಯ್ದೆ ಇದೆ. ಆದ್ರೆ ಕೈ ಮಾಡೋ ಮುಂಚಿನ ಹತ್ತು ನಿಮಿಷ ನಮ್ದು. ಜಗಳೂರು ಕಡೆಯಿಂದ ಇಪ್ಪತ್ತು ಜನ ಬಂದು ಬಿಲ್ ಕೌಂಟರ್ ಮುಂದೆ ಕೂಗಾಡ್ತಿದ್ರು, ಬಿಪಿಎಲ್ ಕಾರ್ಡ್ ಇದೆ, ಆದ್ರೆ ಆರೋಗ್ಯ ಕರ್ನಾಟಕಕ್ಕೆ (ಸರ್ಕಾರದ ಚಿಕಿತ್ಸೆ ಯೋಜನೆ) ಬೇಕಾದ ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್ ಇಲ್ಲ. ಹಿರೀರೊಬ್ರಿಗೆ ಕುರ್ಚಿ ಹಾಕಿ ನೀರು ಕೊಟ್ಟು "ಯಜಮಾನ್ರೇ, ನೀವೊಬ್ರೇ ಮಾತಾಡ್ರಿ, ನಾನೂ ಒಬ್ಳೇ" ಅಂದೆ. ಉಳಿದೋರು ತಾವಾಗೇ ಹಿಂದೆ ಸರಿದ್ರು.

ಸದ್ಯಕ್ಕೆ ನಮ್ ವಾರ್ಡ್ ಬಾಯಿಗೂ ಫಾರ್ಮಸಿ ಹುಡುಗಂಗೂ ವಾಪಸ್ ಕೊಟ್ಟ ಐವಿ ಸೆಟ್ (ಡ್ರಿಪ್ ಹಾಕೋ ಪೈಪು) ಲೆಕ್ಕಕ್ಕೆ ಮಾತಿಲ್ಲ. ಮೂರು ಸಲ ಒಬ್ಳೇ ಹೋಗಿ ಬಂದೆ, ಫಾರ್ಮಸಿಯವ್ನು ಬಿಲ್ಲಿಂದ ತಲೆ ಎತ್ತಲ್ಲ. ಸೋಮವಾರ ಇಬ್ರಿಗೂ ಈವ್ನಿಂಗ್ ಶಿಫ್ಟು, ಈ ಸಲ ಸ್ಟೋರ್‌ಕೀಪರ್ ಅಣ್ಣನ್ನ ಜೊತೆಗೆ ಕರ್ಕೊಂಡ್ ಹೋಗ್ಬೇಕು.