ಬೂಸ್ಟ್ ಇಳಿಯಿತು, ಗಾಡಿ ಘಾಟಿ ಹತ್ತಿತು: ಟೋಯಿಂಗ್‌ಗೆ ಟರ್ಬೊ ಆರಿಸಿದ ನನ್ನ ಅನುಭವ

ನನ್ನದು 2006ರ ರಾಮ್ 3500 ಪಿಕಪ್ ಟ್ರಕ್. 5.9 ಲೀಟರ್ ಕಮಿನ್ಸ್ ಡೀಸೆಲ್ ಎಂಜಿನ್, 48ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹಿಂದೆ ಗೂಸ್‌ನೆಕ್ ಟ್ರೇಲರ್ (ಪಿಕಪ್‌ನ ಹಾಸಿನ ಮೇಲೆ ಕೊಂಡಿ ಹಾಕುವಂಥದ್ದು), ಅದರ ಮೇಲೆ ಸ್ಕಿಡ್ ಸ್ಟಿಯರ್ (ಮಣ್ಣೆತ್ತುವ ಸಣ್ಣ ಯಂತ್ರ). ಟ್ರೇಲರ್, ಸರಂಜಾಮು ಎಲ್ಲಾ ಸೇರಿ 14,000 ಪೌಂಡ್ ಆಸುಪಾಸು. ಅಮೆರಿಕದ ಕೊಲೊರಾಡೊದ ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಬೆಟ್ಟದಾಚೆಗೆ ಹೋಗಿ ಕೆಲಸ ಮುಗಿಸಿ ಬರುವುದೇ ನನ್ನ ಹೊಟ್ಟೆಪಾಡು. ಇದಕ್ಕೆ 62/68 ಟರ್ಬೊ (ಗಾಳಿ ತಳ್ಳುವ ಚಕ್ರ 62 ಮಿ.ಮೀ., ಎಕ್ಸಾಸ್ಟ್ ಕಡೆಯ ಚಕ್ರ 68 ಮಿ.ಮೀ.) ಹಾಕುತ್ತೇನೆ ಅಂದಾಗ ಇಲ್ಲಿನ ಡೀಸೆಲ್ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸ್ಟಾಕ್ (ಕಂಪನಿಯದೇ) ಇರುವಾಗ ದೊಡ್ಡ ಟರ್ಬೊ ದಂಡ ಅಂದವರು ಕೆಲವರು. ಹಾಕೋದಾದ್ರೆ ಕಾಂಪೌಂಡ್ (ಒಂದರ ಹಿಂದೆ ಒಂದು ಎರಡು ಟರ್ಬೊ) ಹಾಕು, ಇಲ್ಲಾಂದ್ರೆ ಸುಮ್ನಿರು ಅಂದವರು ಇನ್ನು ಕೆಲವರು. ಈಗ ಅದೇ ಜನ ಫೋನ್ ಮಾಡಿ ಯಾವ ಹೌಸಿಂಗ್ (ಟರ್ಬೊದ ಎಕ್ಸಾಸ್ಟ್ ಕಡೆಯ ಕವಚ) ಹಾಕಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಇದ್ದದ್ದು ಒಂದೇ ಜಾಗದಲ್ಲಿ. ಡೆನ್ವರ್‌ಗೆ ವಾಪಸು ಬರುವಾಗ ಸಿಲ್ವರ್‌ಥಾರ್ನ್ ಊರಿನಿಂದ ಐಸೆನ್‌ಹೋವರ್ ಸುರಂಗದವರೆಗಿನ ಏರು. ಕಂಪನಿಯ ಎಚ್‌ಇ351 ಟರ್ಬೊ, ಜೊತೆಗೆ ಸಣ್ಣ ಟೋ ಟ್ಯೂನ್ (ಭಾರ ಎಳೆಯಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ). ಅರ್ಧ ಘಾಟಿಗೇ ಇಜಿಟಿ (ಎಕ್ಸಾಸ್ಟ್ ಅನಿಲದ ಬಿಸಿ) 1,350 ಫ್ಯಾರನ್‌ಹೀಟ್ ದಾಟುತ್ತಿತ್ತು. 1,250ರ ಮೇಲೆ ಹೊತ್ತುಗಟ್ಟಲೆ ಓಡಿಸಿ ಪಿಸ್ಟನ್ ಸುಡಿಸಿಕೊಳ್ಳಲು ನಾನು ತಯಾರಿಲ್ಲ. ಕಾಲು ತೆಗೆಯಬೇಕು, ವೇಗ 40 ಮೈಲಿಗೆ ಬೀಳಬೇಕು. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಮೀಟರ್ ಮಾತ್ರ 32 ಪಿಎಸ್‌ಐ ತೋರಿಸುತ್ತಿತ್ತು. ಅದನ್ನು ನೋಡಿ ಎಲ್ಲರೂ ಟರ್ಬೊ ಚೆನ್ನಾಗೇ ಇದೆಯಲ್ಲ ಅನ್ನುತ್ತಿದ್ದರು.

ಚೆನ್ನಾಗಿರಲಿಲ್ಲ. ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ 9.7 ಪಿಎಸ್‌ಐ ಸುತ್ತಮುತ್ತ, ಸಮುದ್ರಮಟ್ಟದಲ್ಲಿ 14.7. ಮೀಟರಿನಲ್ಲಿ 30 ಬೂಸ್ಟ್ ಅಂದರೆ ಸಮುದ್ರಮಟ್ಟದ ಹತ್ತಿರದ ಹ್ಯೂಸ್ಟನ್‌ನಲ್ಲಿ ಪ್ರೆಶರ್ ರೇಶಿಯೊ (ಒಳಗಿನ ಒಟ್ಟು ಒತ್ತಡ ಹೊರಗಿನದರ ಎಷ್ಟು ಪಟ್ಟು) 3, ಇಲ್ಲಿ 4 ದಾಟುತ್ತದೆ. ಸ್ಟಾಕ್ ಟರ್ಬೊದ 60 ಮಿ.ಮೀ. ಚಕ್ರ ಅಷ್ಟು ಹೊತ್ತಿಗೆ ಗಾಳಿ ತಳ್ಳುವುದಕ್ಕಿಂತ ಗಾಳಿ ಕಾಯಿಸುವುದೇ ಜಾಸ್ತಿ.

ಇದನ್ನು ಖಾತ್ರಿ ಮಾಡಿಕೊಳ್ಳಲು ಡ್ರೈವ್ ಪ್ರೆಶರ್ (ಟರ್ಬೊಗೆ ಮುಂಚೆ ಎಕ್ಸಾಸ್ಟ್‌ನಲ್ಲಿ ಕಟ್ಟುವ ಒತ್ತಡ) ಮೀಟರ್ ಹಾಕಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತೂತು ಕೊರೆದು, ಟ್ಯಾಪ್ ಹೊಡೆದು, ಕಾಲಿಂಚಿನ ಸ್ಟೀಲ್ ಪೈಪನ್ನು ನಾಲ್ಕೈದು ಸುತ್ತು ಸುರುಳಿ ಮಾಡಿ, ಆಮೇಲೆ ರಬ್ಬರ್ ಹೋಸ್. ಸುರುಳಿ ಇಲ್ಲದಿದ್ದರೆ ಬಿಸಿಗೆ ಹೋಸ್ ಕರಗಿ ಮೀಟರೂ ಹೋಗುತ್ತದೆ. ಮಸಿ ಕಟ್ಟಿಕೊಂಡು ಮುಳ್ಳು ನಿಧಾನವಾದರೆ ಬಿಚ್ಚಿ ಕಂಪ್ರೆಸರ್ ಗಾಳಿ ಊದಬೇಕು. ಎಲ್ಲಾ ಸೇರಿ 60 ಡಾಲರ್ ಆಗಿರಬಹುದು. ಇಡೀ ಕೆಲಸದಲ್ಲಿ ಇಷ್ಟು ಲಾಭ ಕೊಟ್ಟ ಖರ್ಚು ಇನ್ನೊಂದಿಲ್ಲ. ಸ್ಟಾಕ್ ಟರ್ಬೊದಲ್ಲಿ ಬೂಸ್ಟ್ 32 ಇದ್ದಾಗ ಡ್ರೈವ್ ಪ್ರೆಶರ್ 48ರ ಹತ್ತಿರ! ಎಂಜಿನ್ ಉಸಿರು ಬಿಡಲು ಒದ್ದಾಡುತ್ತಿತ್ತು.

ಮೊದಲು ಹಾಕಿ ನೋಡಿದ್ದು ಗೆಳೆಯರೊಬ್ಬರ ಹಳೇ 64.5/73, ಹೌಸಿಂಗ್ ಅಳತೆ 0.9 ದಾಟಿದ್ದು (ಅಂಕಿ ದೊಡ್ಡದಾದಷ್ಟೂ ಟರ್ಬೊ ಏಳುವುದು ನಿಧಾನ). ಖಾಲಿ ಗಾಡಿಯಲ್ಲಿ ಸೊಗಸು. ಲೋಡ್ ಹಾಕಿದರೆ 1,800 ಆರ್‌ಪಿಎಮ್‌ನಲ್ಲಿ ಏನೂ ಇಲ್ಲ. ಕಪ್ಪು ಹೊಗೆ ಬರುತ್ತದೆ, ಬೂಸ್ಟ್ ಬರುವಷ್ಟರಲ್ಲಿ ಇಜಿಟಿ 1,400. 48ಆರ್‌ಇಯಲ್ಲಿ ಇರುವುದೇ ನಾಲ್ಕು ಗೇರ್. ಮೂರಕ್ಕೂ ನಾಲ್ಕಕ್ಕೂ ನಡುವಿನ ಕಂದರಕ್ಕೆ ಬಿದ್ದರೆ ಆ ಟರ್ಬೊ ಮತ್ತೆ ಎದ್ದೇಳುವುದಿಲ್ಲ. ಡ್ರ್ಯಾಗ್ ಓಡಿಸುವವರಿಗೆ ಅದು ಸರಿ, ಟ್ರೇಲರ್ ಎಳೆಯುವವರಿಗಲ್ಲ.

ಆಮೇಲೆ 62/68ರ ಅಳತೆ ಸರಿಯೋ ಇಲ್ಲವೋ ಅಂತ ತಿಳಿಯಲು 400 ಡಾಲರಿನ ಒಂದು ಅಗ್ಗದ ನಕಲು ತಂದೆ. ಅಳತೆ ಸರಿಯಾಗಿತ್ತು, ಮಾಲು ಸರಿಯಿರಲಿಲ್ಲ. ಕೆಲವೇ ತಿಂಗಳಲ್ಲಿ ಥ್ರಸ್ಟ್ ಬೇರಿಂಗ್ ಸವೆದು ಶಾಫ್ಟ್ ಹಿಂದೆ ಮುಂದೆ ಆಡತೊಡಗಿತು. ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಪೈಪ್ ಬಿಚ್ಚಿದರೆ ಒಳಗೆ ಆಯಿಲ್ ನಿಂತಿದೆ. ಡೀಸೆಲ್ ಎಂಜಿನ್ ಆ ಆಯಿಲ್ ಎಳೆದುಕೊಂಡು ರನ್‌ಅವೇ (ಹಿಡಿತ ತಪ್ಪಿ ತಾನೇ ಓಡುವುದು) ಆದರೆ ಕೀ ತೆಗೆದರೂ ನಿಲ್ಲುವುದಿಲ್ಲ, ಗೊತ್ತಲ್ವಾ. ಇಂಟರ್‌ಕೂಲರ್ ಇಳಿಸಿ ತೊಳೆದು ಒಣಗಿಸಲು ಒಂದು ವಾರಾಂತ್ಯ ಪೂರ್ತಿ ಹೋಯಿತು.

ಅಳತೆ ಸರಿ ಅಂತ ಖಾತ್ರಿ ಆಗಿದ್ದರಿಂದ ಅಸಲಿ ಬೋರ್ಗ್‌ವಾರ್ನರ್ ಎಸ್300 ತಂದೆ. 62/68, ಹೌಸಿಂಗ್ 0.80ರ ಸುತ್ತ, ಟಿ4 ಅಳತೆಯ ಫ್ಲ್ಯಾಂಜ್ (ಮ್ಯಾನಿಫೋಲ್ಡ್‌ಗೆ ಕೂರುವ ಜೋಡಣೆ). ಟರ್ಬೊಗೆ ಸಾವಿರ ಡಾಲರಿನ ಹತ್ತಿರ ಬಿತ್ತು. ಸೆಕೆಂಡ್ ಜೆನ್ (ಹಿಂದಿನ ಪೀಳಿಗೆಯ ರಾಮ್) ಮ್ಯಾನಿಫೋಲ್ಡ್, ಡೌನ್‌ಪೈಪ್, ಹಾಟ್ ಪೈಪ್, ಆಯಿಲ್ ಫೀಡ್, ಡ್ರೇನ್ ಎಲ್ಲಾ ಸೇರಿ ಇನ್ನೊಂದು 1,200–1,300. ಸ್ಟಾಕ್ ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ಸೊಲೆನಾಯ್ಡ್ ತೆಗೆದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಅದಕ್ಕೂ ಟ್ಯೂನ್‌ಗೂ 500ರಷ್ಟು. ಹೆಡ್ ಸ್ಟಡ್ (ಎಂಜಿನ್ ಹೆಡ್ ಬಿಗಿಯುವ ಗಟ್ಟಿ ಬೋಲ್ಟ್) ಹಾಕಲಿಲ್ಲ. ಬೂಸ್ಟ್ ಏರಿಸುವ ಉದ್ದೇಶವೇ ಇಲ್ಲದಿರುವಾಗ ಆ ದುಡ್ಡು ಬೇಡ.

ಫಲ ಇಷ್ಟು. ಅದೇ ಏರು, ಅದೇ ಲೋಡ್. ಬೂಸ್ಟ್ 26–27, ಡ್ರೈವ್ ಪ್ರೆಶರ್ 29–30. ಇಜಿಟಿ 1,180 ಸುತ್ತ ನಿಂತಿತು. ಮೂರನೇ ಗೇರಿನಲ್ಲಿ 50 ಮೈಲಿ ಮೇಲೆ, ಕಾಲು ತೆಗೆಯದೆ ಸುರಂಗದ ಬಾಯಿಗೆ. "ಅಣ್ಣ, ಬೂಸ್ಟ್ ಇಳಿದಿದೆಯಲ್ಲ, ಮೋಸ ಹೋದ್ರಿ" ಅಂತ ಒಬ್ಬ ಹುಡುಗ ಅಂದ. ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿಸಿ ತೋರಿಸಿದೆ. ಬೂಸ್ಟ್ ಅಂದರೆ ಒಳಗೆ ಹೋಗಲಾರದೆ ನಿಂತ ಗಾಳಿಯ ಒತ್ತಡ. ಗಾಳಿ ತಣ್ಣಗಿದ್ದು, ಎಕ್ಸಾಸ್ಟ್ ಸಲೀಸಾಗಿ ಹೊರಗೆ ಹೋದರೆ ಕಡಿಮೆ ಒತ್ತಡದಲ್ಲೇ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ.

ವೇಸ್ಟ್‌ಗೇಟ್‌ಗೆ ಯಾವ ಸ್ಪ್ರಿಂಗ್, ಅದರ ಹೋಸ್ ಎಲ್ಲಿಂದ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. 1,700 ಆರ್‌ಪಿಎಮ್‌ನಲ್ಲಿ ಎಳೆತ ಬಂದದ್ದು ಅದರಿಂದ. ಡೀಸೆಲ್ ಚಿಮ್ಮಿಸುವ ಹೊತ್ತಿನ ಟೈಮಿಂಗ್ ಟೇಬಲ್ ಕೂಡ ಕೊಡುವುದಿಲ್ಲ.

ನಡುವೆ ಇನ್ನೂ ಒಂದೆರಡು ಪ್ರಯೋಗ ಮಾಡಿದೆ. ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸಿದರೆ ಇಜಿಟಿ 40 ಡಿಗ್ರಿ ಇಳಿಯಿತು, ಆದರೆ ಟ್ಯಾಂಕ್ ಘಾಟಿ ಮುಗಿಯುವ ಮೊದಲೇ ಖಾಲಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪಂಪ್ ಒಡೆಯಿತು, ಕೈಬಿಟ್ಟೆ. ಟರ್ಬೊ ಬ್ಲಾಂಕೆಟ್ (ಬಿಸಿ ತಡೆಯುವ ಹೊದಿಕೆ) ಮಾತ್ರ ಇಟ್ಟುಕೊಂಡಿದ್ದೇನೆ. ಸ್ಪೂಲ್‌ನಲ್ಲಿ (ಟರ್ಬೊ ಎದ್ದೇಳುವ ವೇಗದಲ್ಲಿ) ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಬಾನೆಟ್ ಕೆಳಗಿನ ವೈರಿಂಗ್ ಉಳಿಯಿತು.

ಒಂದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಸೆಕೆಂಡ್ ಜೆನ್ ಜಾಗಕ್ಕೆ ಟರ್ಬೊ ಹೋದರೆ ಸ್ಟಾಕ್ ಟರ್ಬೊದ ಬಾಯಿಗೆ ಕೂರುವ ಎಕ್ಸಾಸ್ಟ್ ಬ್ರೇಕ್ (ಎಕ್ಸಾಸ್ಟ್ ತಡೆದು ಗಾಡಿ ನಿಧಾನಿಸುವಂಥದ್ದು) ಹೋಯಿತು. ಪೈಪಿನ ನಡುವೆ ಕೂರುವ ಬ್ರೇಕ್ ಬೇರೆ ಕೊಳ್ಳಬೇಕು. ನನಗೆ 900 ಬಿತ್ತು. 7 ಪರ್ಸೆಂಟ್ ಇಳಿಜಾರಿನಲ್ಲಿ 14,000 ಪೌಂಡ್ ಹಿಂದಿರುವಾಗ ಇದರಲ್ಲಿ ಚೌಕಾಸಿ ಬೇಡ. ಕ್ಯಾಲಿಫೋರ್ನಿಯಾದವರು ಕಾರ್ಬ್ (ಆ ರಾಜ್ಯದ ವಾಯುಮಾಲಿನ್ಯ ಮಂಡಳಿ) ಅನುಮತಿ ಇಲ್ಲದ ಟರ್ಬೊ ಮುಟ್ಟಬೇಡಿ. 6.7 ಲೀಟರ್ ಕಮಿನ್ಸ್ ಇರುವವರು ಇದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮದು ವಿಜಿಟಿ (ಎಕ್ಸಾಸ್ಟ್ ದಾರಿಯ ಅಗಲ ತಾನೇ ಬದಲಿಸುವ ಟರ್ಬೊ), ಬ್ರೇಕ್ ಹಿಡಿಯುವುದೂ ಅದೇ ಟರ್ಬೊ. ಲೆಕ್ಕ ಪೂರ್ತಿ ಬೇರೆ.