ಒಗ್ಗರಣೆಗೆ ಎರಡು ನಿಮಿಷ ನಿಲ್ಲಲಾರದ ಮಕ್ಕಳಿಗೆ

ನಾಗರಭಾವಿಯಲ್ಲಿ ನಮ್ಮ ಮನೆ ಮಹಡಿ ಮೇಲೆ ಓದುವ ಮಕ್ಕಳು ಬಾಡಿಗೆಗಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಹತ್ತಿರ ಅಂತ ಬರುತ್ತಾರೆ, ಓದು ಮುಗಿಸಿ ಹೋಗುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು. ಒಳ್ಳೆಯ ಮಕ್ಕಳೇ. ಗಲಾಟೆ ಇಲ್ಲ, ಬಾಡಿಗೆಗೆ ಸತಾಯಿಸುವುದಿಲ್ಲ. ಆದರೆ ಅವರು ಒಲೆ ಹಚ್ಚಿದರೆ ನನ್ನ ತಲೆ ಕೆಡುತ್ತದೆ. ಮೆಟ್ಟಿಲಿಳಿದು ಬರುವ ವಾಸನೆಯಲ್ಲೇ ಎಲ್ಲ ಗೊತ್ತಾಗುತ್ತದೆ. ಸಾಸಿವೆ ಸಿಡಿದಿಲ್ಲ, ಇಂಗು ಸೀದಿದೆ, ಮೆಣಸಿನಕಾಯಿ ಕರಕಾಗಿದೆ. ಆಮೇಲೆ ತಟ್ಟೆ ಹಿಡಿದುಕೊಂಡು ಕೆಳಗೆ ಬಂದು, "ಆಂಟಿ, ಅಮ್ಮ ಕೊಟ್ಟ ಸಾರಿನ ಪುಡಿನೇ ಹಾಕಿದ್ದೀನಿ, ಅಮ್ಮನ ಸಾರಿನ ಹಾಗೆ ಯಾಕೆ ಬರಲ್ಲ?" ಅಂತ ಕೇಳುತ್ತಾರೆ. ಪುಡಿಯದ್ದೇನೂ ತಪ್ಪಿಲ್ಲಪ್ಪ. ನಿಮ್ಮಮ್ಮ ಒಲೆ ಮುಂದೆ ನಿಂತಿರುತ್ತಾರೆ, ನೀನು ಫೋನ್ ನೋಡುತ್ತಿರುತ್ತೀಯ.

ದಿನಾ ಹೊಸ ಅಡುಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಒಬ್ಬರಿಗೋ ಇಬ್ಬರಿಗೋ ಅಡುಗೆ, ಅದೂ ಕ್ಲಾಸು ಮುಗಿಸಿ ಬಸ್ಸಿನಲ್ಲಿ ನಿಂತು ಬಂದ ಮೇಲೆ. ಅನ್ನ, ಸಾರು, ಒಂದು ಪಲ್ಯ, ಮೊಸರು. ಇಷ್ಟು ನೆಟ್ಟಗೆ ಬಂದರೆ ಫೋನಿನಲ್ಲಿ ತರಿಸಿಕೊಳ್ಳುವ ಆ ಎಣ್ಣೆ ತೇಲುವ ಅನ್ನ ನಿಮಗೆ ಬೇಕಾಗುವುದಿಲ್ಲ.

ಮೊದಲು ಬೇಳೆ. ಒಂದು ಹಿಡಿ ತೊಗರಿಬೇಳೆ ಇಬ್ಬರಿಗೆ ಬೇಕಾದಷ್ಟಾಯಿತು. ತೊಳೆದು ನೀರಿನಲ್ಲಿ ಹಾಕಿಟ್ಟು ಸ್ನಾನಕ್ಕೆ ಹೋಗಿ, ಬರುವಷ್ಟರಲ್ಲಿ ನೆನೆದಿರುತ್ತದೆ. ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ. ಎಣ್ಣೆ ಹಾಕಿದರೆ ಬೇಳೆ ನೊರೆ ಉಕ್ಕಿ ಕುಕ್ಕರ್ ಮುಚ್ಚಳಕ್ಕೆಲ್ಲ ಚಿಮ್ಮುವುದು ಕಡಿಮೆ. ಉಪ್ಪು, ಟೊಮೇಟೊ, ಹುಣಸೆಹಣ್ಣು ಯಾವುದನ್ನೂ ಜೊತೆಗೆ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಬೇಗ ಕರಗುವುದಿಲ್ಲ, ಕಾಳು ಕಾಳಾಗಿ ನಿಲ್ಲುತ್ತದೆ. "ಎಲ್ಲ ಒಟ್ಟಿಗೆ ಹಾಕಿ ಮೂರು ಕೂಗು ಕೂಗಿಸಿಬಿಟ್ಟರೆ ಸಾರು ರೆಡಿ ಆಂಟಿ" ಅಂತ ಒಬ್ಬ ನನಗೇ ಪಾಠ ಹೇಳಿದ. ಆ ಸಾರನ್ನು ನಾನು ಬಾಯಿಗಿಟ್ಟು ನೋಡಿದ್ದೇನೆ, ಅದರ ಮಾತು ಬೇಡ.

ಇನ್ನೊಬ್ಬಳು ಕುಕ್ಕರ್ ಕಂಡರೆ ಹೆದರಿ ಪಾತ್ರೆಯಲ್ಲೇ ಬೇಳೆ ಬೇಯಿಸುತ್ತಿದ್ದಳು. ಮಂಗಳೂರಿನ ಹುಡುಗಿ. ಊರಲ್ಲಿ ಬೇಗ ಬೇಯುತ್ತೆ, ಇಲ್ಲಿ ಬೇಯುವುದೇ ಇಲ್ಲ ಅಂತ ಅವಳ ದೂರು. ಹುಡುಗಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿ ಹತ್ತಿರಕ್ಕೇ ಕುದಿಯತೊಡಗುತ್ತದೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಹಾಗಾಗಿ ತೆರೆದ ಪಾತ್ರೆಯಲ್ಲಿ ಎಲ್ಲಕ್ಕೂ ಹೆಚ್ಚು ಹೊತ್ತು. ಅದರ ಮೇಲೆ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಬೇಳೆ, ಕಾಳು ಮೆತ್ತಗಾಗುವುದು ಕಷ್ಟ. ನಲ್ಲಿಯಲ್ಲಿ ಕಾವೇರಿ ಬಂದ ದಿನ ಒಂದು ಬಿಂದಿಗೆ ಬೇರೆ ಹಿಡಿದಿಟ್ಟುಕೊಳ್ಳಿ, ಬೇಳೆಗೆ ಅದನ್ನೇ ಹಾಕಿ. ಕುಕ್ಕರ್‌ಗೆ ಹೆದರುವವರು ಮುಚ್ಚಳದ ತೂತನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಂಡರೆ ಸಾಕು, ಧೈರ್ಯವಾಗಿ ಇಡಿ.

ಸಾರಿಗೆ ಬನ್ನಿ. ಹಣ್ಣಾದ ನಾಟಿ ಟೊಮೇಟೊ ಎರಡು ಹಿಚುಕಿ ಹಾಕಿ, ಗೋಲಿ ಗಾತ್ರದ ಹುಣಸೆಹಣ್ಣು ಕಿವುಚಿ ಹಿಂಡಿ. ಉಪ್ಪು, ಚೂರು ಬೆಲ್ಲ, ನಿಮ್ಮಮ್ಮ ಕೊಟ್ಟ ಪುಡಿ. ಪುಡಿಯ ಹಸಿ ವಾಸನೆ ಹೋಗುವ ತನಕ ಇದು ಚೆನ್ನಾಗಿ ಕುದಿಯಬೇಕು. ಆಮೇಲೆ ಬೇಳೆಯನ್ನು ಮಸೆದು, ನೀರಾಗಿ ಮಾಡಿಕೊಂಡು ಹಾಕಿ. ಇಲ್ಲಿಂದ ಮುಂದೆ ಜೋರಾಗಿ ಕುದಿಸಕೂಡದು. ಅಂಚಿನಿಂದ ನೊರೆ ಎದ್ದು ನಡುವಿಗೆ ಬರುತ್ತದೆ. ಪಾತ್ರೆ ತುಂಬ ನೊರೆ ಕೂಡಿಕೊಳ್ಳುತ್ತಿದ್ದ ಹಾಗೆ ಒಲೆ ಆರಿಸಿ. ಮತ್ತೆ ಕುದಿಸಿದಿರೋ, ಸಾರಿನ ಘಮ ಅಡುಗೆಮನೆಗೆ ಹೋಯಿತು, ನಿಮ್ಮ ತಟ್ಟೆಗೆ ಬರುವುದು ಬರೀ ಹುಳಿ ನೀರು.

ಈಗ ಒಗ್ಗರಣೆ. ನಾನು ಬರೆಯಲು ಕೂತಿದ್ದೇ ಇದಕ್ಕೆ. ಇಡೀ ಅಡುಗೆಯಲ್ಲಿ ಇದೊಂದನ್ನು ಕಲಿತರೆ ಸಾರು, ಚಿತ್ರಾನ್ನ, ಮೊಸರನ್ನ, ಕೋಸಂಬರಿ, ಪಲ್ಯ ಎಲ್ಲಕ್ಕೂ ಸಲ್ಲುತ್ತದೆ. ಆದರೆ ಇದನ್ನೇ ಎಲ್ಲರೂ ಕಾಟಾಚಾರಕ್ಕೆ ಮಾಡುತ್ತಾರೆ. ಎಣ್ಣೆ ಇಟ್ಟ ಕೂಡಲೇ ಸಾಸಿವೆ, ಅದರ ಹಿಂದೆಯೇ ಜೀರಿಗೆ, ಇಂಗು, ಕರಿಬೇವು, ಮೆಣಸಿನಕಾಯಿ ಎಲ್ಲ ಒಂದೇ ಹಿಡಿಯಲ್ಲಿ ಸುರಿದು, ಚುಂಯ್ ಅಂದ ಕೂಡಲೇ ಸಾರಿಗೆ ಎತ್ತಿ ಹಾಕುವುದು. ಸಿಡಿಯದ ಸಾಸಿವೆ ಬಾಯಿಗೆ ಸಿಕ್ಕರೆ ಬರೀ ಕಹಿ.

ಚಿಕ್ಕ ಕಬ್ಬಿಣದ ಒಗ್ಗರಣೆ ಸೌಟು ತೆಗೆದುಕೊಳ್ಳಿ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡ ಬಾಣಲೆಯಲ್ಲಿ ಎಣ್ಣೆ ಹರಡಿಕೊಂಡು ಸಾಸಿವೆ ಮುಳುಗುವುದೇ ಇಲ್ಲ. ಸೌಟಿನ ಗುಂಡಿಯಲ್ಲಾದರೆ ಸ್ವಲ್ಪ ಎಣ್ಣೆಯಲ್ಲೇ ಎಲ್ಲ ಮುಳುಗುತ್ತದೆ. ಎಣ್ಣೆ ಹಾಕುವ ಮೊದಲು ಸೌಟಿನಲ್ಲಿ ಹಸಿ ಇರಬಾರದು, ಒಲೆ ಮೇಲೆ ಹಿಡಿದು ಒಣಗಿಸಿ. ಕರಿಬೇವನ್ನು ತೊಳೆದಿದ್ದರೆ ಬಟ್ಟೆಯಲ್ಲಿ ಒರೆಸಿಡಿ. ಒದ್ದೆ ಕರಿಬೇವು ಹಾಕಿ ಮುಖಕ್ಕೆ ಸಿಡಿಸಿಕೊಂಡು ಕಿರುಚುವುದನ್ನು ನಾನು ಕೆಳಗಿಂದ ಕೇಳಿದ್ದೇನೆ. ಬೇಕಾದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕುವ ಕ್ರಮದಲ್ಲೇ ಜೋಡಿಸಿಕೊಳ್ಳಿ. ಎಣ್ಣೆ ಕಾದ ಮೇಲೆ ಇಂಗಿನ ಡಬ್ಬಿ ಎಲ್ಲಿ ಅಂತ ಹುಡುಕುವವರಿಗೆ ಒಗ್ಗರಣೆ ಒಲಿಯುವುದಿಲ್ಲ.

ಎಣ್ಣೆಗೆ ಒಂದೇ ಒಂದು ಸಾಸಿವೆ ಕಾಳು ಬಿಡಿ. ಅದು ತಳದಲ್ಲಿ ಸುಮ್ಮನೆ ಕೂತರೆ ಕಾಯಿರಿ. ಸುತ್ತ ಸಣ್ಣ ಗುಳ್ಳೆ ಎದ್ದು ಮೇಲೆ ಬಂದು ಸಿಡಿದರೆ ಉಳಿದದ್ದನ್ನು ಹಾಕಿ, ಉರಿ ಸ್ವಲ್ಪ ಇಳಿಸಿ. ಮೊದಲು ಒಂದೆರಡು ಸಿಡಿಯುತ್ತವೆ, ಆಮೇಲೆ ಒಮ್ಮೆಲೇ ಚಟಪಟ ಅಂತ ಶುರುವಾಗುತ್ತದೆ. ಮುಗಿಯಿತು ಅಂದುಕೊಳ್ಳಬೇಡಿ. ಕಿವಿ ಕೊಟ್ಟು ಕೇಳಿ. ಸದ್ದು ಏರಿ, ಆಮೇಲೆ ಬಿಡಿಬಿಡಿಯಾಗಿ, ಅಲ್ಲೊಂದು ಇಲ್ಲೊಂದು ಆಗುತ್ತದಲ್ಲ, ಆಗ ಜೀರಿಗೆ. ಜೀರಿಗೆಗೆ ಉಸಿರು ಬಿಡುವಷ್ಟು ಹೊತ್ತು ಸಾಕು. ಕೂಡಲೇ ಮುರಿದ ಬ್ಯಾಡಗಿ ಮೆಣಸಿನಕಾಯಿ. ಅದು ಉಬ್ಬಿ ಬಣ್ಣ ಹೊಳೆಯುತ್ತದೆ, ಕಪ್ಪಾಗಲು ಬಿಡಬೇಡಿ. ಕರಿಬೇವು ಹಾಕಿ ಒಲೆ ಆರಿಸಿ. ಕೊನೆಗೆ ಆ ಬಿಸಿಯಲ್ಲೇ ಇಂಗು. ಅಂಗಡಿಯ ಇಂಗಿನ ಪುಡಿಯಲ್ಲಿ ಹಿಟ್ಟು ಸೇರಿರುತ್ತದೆ, ಉರಿ ಮೇಲಿರುವಾಗ ಹಾಕಿದರೆ ಹಿಟ್ಟು ಸೀದು ಹೋಗುತ್ತದೆ. ಇಂಗು ಸರಿಯಿಲ್ಲ ಅಂತ ದೂರುವವರೆಲ್ಲ ಸುಟ್ಟ ಹಿಟ್ಟು ತಿಂದವರು.

ಇಷ್ಟಾದ ಮೇಲೆ ಒಂದು ಕೆಲಸ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಎಡಗೈಯಲ್ಲಿ ಮುಚ್ಚಳ ಹಿಡಿದುಕೊಂಡಿರಬೇಕು. ಬಲಗೈಯಲ್ಲಿ ಸೌಟನ್ನು ಸಾರಿನೊಳಗೆ ಪೂರ್ತಿ ಮುಳುಗಿಸಿ, ಸುಂಯ್ ಅನ್ನುತ್ತಿದ್ದ ಹಾಗೆ ಮುಚ್ಚಳ ಮುಚ್ಚಬೇಕು. ಸೌಟಿನ ಹಿಡಿ ಹೊರಗಿದ್ದು ಮುಚ್ಚಳ ಓರೆಯಾದರೆ ಪರವಾಗಿಲ್ಲ. ಮೇಲೆದ್ದ ಆ ಹಬೆಯಲ್ಲಿ ಇಂಗು ಕರಿಬೇವಿನ ಘಮವೆಲ್ಲ ಇರುತ್ತದೆ, ಅದು ಮತ್ತೆ ಸಾರಿಗೇ ಇಳಿಯಬೇಕು. ಅನ್ನ ಬಡಿಸಿಕೊಂಡು, ತುಪ್ಪ ಹಾಕಿಕೊಳ್ಳುವ ತನಕ ಮುಚ್ಚಳ ತೆಗೆಯಬೇಡಿ. ಬರೀ ಸುರಿದು ಖಾಲಿ ಸೌಟನ್ನು ಸಿಂಕಿಗೆ ಎಸೆಯುತ್ತಾರಲ್ಲ, ಅದರ ಗುಂಡಿಗೆ ಅಂಟಿದ ಎಣ್ಣೆಯಲ್ಲೇ ಅರ್ಧ ರುಚಿ ಉಳಿದಿರುತ್ತದೆ.

ನಮ್ಮ ಅತ್ತೆ ಚಾಮರಾಜಪೇಟೆಯ ಮನೆಯಲ್ಲಿ ಪಡಸಾಲೆಯಲ್ಲಿ ಕೂತು ಹೂ ಕಟ್ಟುತ್ತಾ ಒಗ್ಗರಣೆ ಸದ್ದು ಕೇಳಿಸಿಕೊಳ್ಳುತ್ತಿದ್ದರು. ನಾನು ಆಗ ಹೊಸ ಸೊಸೆ. ಒಲೆ ಅಂದರೆ ಸೀಮೆಎಣ್ಣೆಯ ಪಂಪ್ ಸ್ಟೌ, ಅದರ ಭರ್ರ್ ಅನ್ನುವ ಸದ್ದಿನ ನಡುವೆಯೂ ಅವರಿಗೆ ಗೊತ್ತಾಗುತ್ತಿತ್ತು. "ಇನ್ನೂ ಆಗಿಲ್ಲ ಕಣೇ, ತಡಿ" ಅನ್ನುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಮನೆ ತುಂಬ ಜನ, ಸೀಮೆಎಣ್ಣೆಗೆ ರೇಷನ್ ಅಂಗಡಿ ಮುಂದೆ ಕ್ಯೂ. ಆದರೂ ಒಗ್ಗರಣೆಯ ಆ ಎರಡು ನಿಮಿಷದ ಎಣ್ಣೆ ಉಳಿಸು ಅಂತ ಅವರು ಒಂದು ದಿನವೂ ಹೇಳಲಿಲ್ಲ. ಗುಂಡಿ ತಿರುಗಿಸಿದರೆ ಗ್ಯಾಸ್ ಹತ್ತುವ ನಿಮಗೇನು ಅಷ್ಟು ಆತುರ?

ಆತುರ ಅಂದಾಗ ನೆನಪಾಯಿತು. ಅಡುಗೆಯಲ್ಲಿ ಇಷ್ಟು ಆತುರ ಇರುವವರು ಬಟ್ಟೆ ಮಾತ್ರ ಬಕೆಟ್ಟಿನಲ್ಲಿ ನೆನೆಹಾಕಿ ಎರಡು ದಿನ ಮರೆಯುತ್ತಾರೆ. ಸೋಪಿನ ನೀರು ಮುಗ್ಗಲು ವಾಸನೆ ಹೊಡೆದು, ಆಮೇಲೆ ಅದೇ ಬಟ್ಟೆಯನ್ನು ಹಿಂಡಿ ಒಣಹಾಕುತ್ತಾರೆ. ಅರ್ಧ ಗಂಟೆ ನೆನೆದರೆ ಧಾರಾಳ ಕಣ್ರೋ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅದು ಒಣಗುವುದೂ ಇಲ್ಲ, ಮೆಟ್ಟಿಲ ತುಂಬ ನಾತ. ಇರಲಿ.

ಮಿಕ್ಕಿದ್ದೆಲ್ಲ ಸುಲಭ. ಚಿತ್ರಾನ್ನಕ್ಕೆ ಅನ್ನ ಉದುರಾಗಿರಲಿ, ಪೂರ್ತಿ ಆರಿರಲಿ. ಕಡಲೆಕಾಯಿ ಬೀಜವನ್ನು ಎಣ್ಣೆ ಬೆಚ್ಚಗಿರುವಾಗಲೇ ಹಾಕಿ ಸಣ್ಣ ಉರಿಯಲ್ಲಿ ಹುರಿದು ತೆಗೆದಿಡಿ, ಕೊನೆಗೆ ಸೇರಿಸಿ, ಆಗ ಗರಿಗರಿ ಉಳಿಯುತ್ತದೆ. ನಿಂಬೆರಸ ಒಲೆ ಆರಿಸಿದ ಮೇಲೆ, ಒಲೆ ಮೇಲಿದ್ದಾಗ ಹಿಂಡಿದರೆ ಕಹಿ. ಉಪ್ಪಿಟ್ಟಿಗೆ ರವೆ ಘಮ್ಮೆನ್ನುವ ತನಕ ಹುರಿಯಿರಿ, ನೀರು ಮಳ್ಳಿದ ಮೇಲೆ ರವೆ ಉದುರಿಸಿ. ಅವಲಕ್ಕಿಯಲ್ಲಿ ಗಟ್ಟಿ ಯಾವುದು, ತೆಳು ಯಾವುದು ಅಂತ ನೋಡಿಕೊಂಡು ತನ್ನಿ. ತೆಳು ಅವಲಕ್ಕಿಯನ್ನು ನೀರಿಗೆ ಹಾಕಿಟ್ಟು ಮುದ್ದೆ ಮಾಡಿಕೊಂಡವರಿಗೆ ನಾನೇನು ಹೇಳಲಿ.

ಪರೀಕ್ಷೆ ಸಮಯದಲ್ಲಿ ಡಬ್ಬಿಗೆ ಮೊಸರನ್ನದಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಸಿ ಅನ್ನವನ್ನು ಮೆತ್ತಗೆ ಮಸೆದು ಹಾಲು ಜಾಸ್ತಿ ಹಾಕಿ, ಆರಿದ ಮೇಲೆ ಒಂದು ಚಮಚ ಮೊಸರು ಕಲಸಿ. ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ಹುಳಿ ಬಂದಿರುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಮೊಸರು ಹೆಪ್ಪಾಗುವುದಿಲ್ಲ ಅಂತ ಪ್ಯಾಕೆಟ್ ಮೊಸರಿಗೆ ದುಡ್ಡು ಸುರಿಯಬೇಡಿ. ಹಾಲು ಬೆರಳಿಗೆ ಬೆಚ್ಚಗಿರುವಾಗ ಹೆಪ್ಪು ಹಾಕಿ, ಪಾತ್ರೆಯನ್ನು ಕುಕ್ಕರೊಳಗೆ ಇಟ್ಟು ಮುಚ್ಚಿ, ಬೆಳಿಗ್ಗೆ ನೋಡಿ. ಅದೇ ಚಳಿಗೆ ಅವರೆಕಾಯಿ ಬರುತ್ತದೆ. ಸೊಗಡು ಇರುವುದನ್ನು ಮೂಸಿ ನೋಡಿ ಕೊಳ್ಳಿ, ಸಂಜೆ ನಾಲ್ಕು ಜನ ಕೂತು ಸುಲಿಯಿರಿ, ಉಪ್ಪಿಟ್ಟಿಗೆ ಒಂದು ಹಿಡಿ ಹಾಕಿ. ನೆಗಡಿ ಆದವರಿಗೆ ಮೆಣಸು ಜೀರಿಗೆ ಕುಟ್ಟಿ ಹಾಕಿದ ಸಾರು, ಜ್ವರ ಬಂದವರಿಗೆ ರಾಗಿ ಗಂಜಿ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಡಿ, ನೇರ ಬಿಸಿನೀರಿಗೆ ಸುರಿದರೆ ಗಂಟು ಖಂಡಿತ.

ಇನ್ನು ಅನ್ನ ಉಳಿಸುವ ವಿಷಯ, ಇದರಲ್ಲಿ ನಾನು ಸಡಿಲ ಬಿಡುವವಳಲ್ಲ. ರಾತ್ರಿ ಕುಕ್ಕರಿನಲ್ಲೇ ಅನ್ನ ಬಿಟ್ಟು ಮಲಗಿ, ಬೆಳಿಗ್ಗೆ ಬಿಸಿ ಮಾಡಿ ತಿಂದರೆ ಆಯಿತು ಅನ್ನುತ್ತೀರಿ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ ಶುರುವಾದರೆ ಪರೀಕ್ಷೆ ಕೊಠಡಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ? ಉಂಡಾದ ಮೇಲೆ ತಟ್ಟೆಯಲ್ಲಿ ಹರಡಿ ಆರಿಸಿ, ಬೇಗ ಫ್ರಿಜ್ಜಿಗೆ ಹಾಕಿ. ಫ್ರಿಜ್ ಇಲ್ಲದವರು ಅಷ್ಟು ಅನ್ನ ಮಾಡಲೇಬೇಡಿ.

ಕಬ್ಬಿಣದ ಸೌಟನ್ನು ನೀರಿನಲ್ಲಿ ನೆನೆಯಲು ಬಿಡಬೇಡಿ. ತೊಳೆದು, ಒರೆಸಿ, ಒಲೆ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಮೊಳೆಗೆ ತಗುಲಿ ಹಾಕಿ, ತುಕ್ಕು ಹತ್ತಿರ ಬರುವುದಿಲ್ಲ. ಮಹಡಿ ಮೇಲಿನವರು ಕಳೆದ ವಾರ ನನ್ನ ಸೌಟು ಕೇಳಿ ಒಯ್ದಿದ್ದಾರೆ. ಇದನ್ನು ಓದಿದರೆ ಇವತ್ತೇ ತಂದುಕೊಡಿ, ಸಿಂಕಿನಲ್ಲಿ ಬಿದ್ದಿದ್ದರೆ ಉಜ್ಜಿಕೊಂಡು ತನ್ನಿ.